ಅಯ್ಯನೋರಿಗಿ ಸ್ವಾಗತ

ಬಸ್ಸಿನಿಂದ ಇಳಿದ ಮನುಷ್ಯಾನ್ನ ಚರ್ಚಿಗಿ ಕರ್ಕೊಂಡು ಬರೋದು ಏನ್ ದೊಡ್ಡ ಕೆಲಸರಿ? ಬಸ್ ಬರ್ತದ. ಮನುಷ್ಯಾ ಇಳೀತಾನ. ಹಾರ ಹಾಕೋದು, ಆಟೋದಾಗ ಕೂಡ್ಸೋದು, ಬರೋದು. ಇದರಾಗ ತಪ್ಪು ಮಾಡಾಕ ಜಾಗಾನೇ ಇಲ್ಲ ಅಂತ ನಾ ತಿಳ್ಕೊಂಡಿದ್ದೆ.

ಜಾಗ ಇತ್ತು.

ನಾ ತೆಲುಗು ಸೀಮಿ ಗಡಿಯ ಜಹೀರಾಬಾದದಾಗ ಟೇಲರ್. ಹೆಸರು ಪ್ರಭುದಾಸ. ನಮ್ಮ ಚರ್ಚಿನಾಗ ಭಾಳ ವರ್ಷದಿಂದ ನನ್ನ ಕೆಲಸ ಅಂದ್ರ ಜಮಖಾನಿ ಹಾಸೋದು, ಆರಾಧನಿ ಮುಗಿದ ಮ್ಯಾಗ ಝಾಡಿಸಿ ಸುತ್ತಿ ಇಡೋದು. ಮೀಸಿ ಬೆಳ್ಳಗಾಗೋ ಹೊತ್ತಿಗಿ ಸಂಜಿ ಸಾಲಿಗಿ ಹೋಗಿ ಓದೋದು ಬರಿಯೋದು ಕಲ್ತೆ. ಕಲ್ತ ಮ್ಯಾಗ ಏನರ ದೊಡ್ಡ ಕೆಲಸ ಕೊಡ್ತಾರಂತ ಹಾದಿ ನೋಡಿದೆ. ಮತ್ತ ಜಮಖಾನಿನೇ ಕೊಟ್ಟರು.

ಈ ಸಲ ಕ್ರಿಸ್‌ಮಸ್ಸಿಗಿ ಮಾತ್ರ ನಮ್ಮ ಸಭೆ ಸೆಕ್ರೆಟರಿ ರತ್ನಪ್ಪ ಸರ್ ನನ್ನ ಅಂಗಡಿಗೇ ಬಂದರು.

"ಪ್ರಭುದಾಸ, ಈ ವರ್ಷ ಸ್ವಾಗತ ಸಮಿತಿ ನಿಂದು. ಹೊಸಬರು ಯಾರು ಬಂದರೂ ಎದುರುಗೊಂಡು ಕರ್ಕೊಂಡು ಬರೋ ಜಿಮ್ಮೇದಾರಿ."

"ಸಮಿತ್ಯಾಗ ಯಾರ್ಯಾರು ಅದಾರ್ರಿ ಸರ್?"

"ನೀನು."

"ಮತ್ತ?"

"ಪೈಲೇ ನೀ ಮಾಡಿ ತೋರ್ಸು. ಛಲೋ ಮಾಡಿದಿ ಅಂದ್ರ ಖಾಯಂ. ಇಲ್ಲಂದ್ರ ಜಮಖಾನಿ ಅಂತೂ ಎಲ್ಲಿಗೂ ಹೋಗಂಗಿಲ್ಲ."

ಸಮಿತಿಯ ಮೊದಲನೇ ಕೆಲಸನೇ ದೊಡ್ಡದು. ನಮಗ ಹೊಸ ಪಾಸ್ಟರ್ ಬರೋರಿದ್ದರು. ನಮ್ಮ ಮಂದಿ ಪಾಸ್ಟರಗ ಅಯ್ಯನೋರು ಅಂತೀವಿ. ಅವರು ನಾರಾಯಣಖೇಡದಾಗ ಹಿಂದಿನ ರಾತ್ರಿ ಆರಾಧನಿ ಮುಗಿಸಿ, ಕ್ರಿಸ್‌ಮಸ್ ಮುಂಜಾನಿ ಬಸ್ಸಿಗಿ ಬಂದು ನಮ್ಮ ಆರಾಧನಿ ನಡೆಸಬೇಕು. ಅವರಿಲ್ಲಂದ್ರ ಆರಾಧನಿ ಇಲ್ಲ.

ಅಯ್ಯನೋರನ್ನ ನಾ ನೋಡಿದ್ದಿಲ್ಲ. ನಂಬರ್ ಇತ್ತು. ವಾಟ್ಸಪ್ಪಿನಾಗ ಫೋಟೋ ನೋಡೋಣಂತ ತೆಗೆದರ, ಕುರಿಮರಿ ಎತ್ಕೊಂಡ ಯೇಸುಸ್ವಾಮಿ. ಆ ಮುಖ ಇಟ್ಕೊಂಡು ಬಸ್ ಸ್ಟ್ಯಾಂಡಿನಾಗ ಯಾರನ್ನ ಹುಡಕಬೇಕು?

ಅದಕ್ಕ ನಾ ಒಂದು ಬೋರ್ಡ್ ಮಾಡಿದೆ. ಶರ್ಟಿನ ಡಬ್ಬಿಯ ರಟ್ಟು ಹರಿದು, ಅದರ ಮ್ಯಾಗ ಕೆಂಪು ಪೇಂಟಿನಾಗ ದುಂಡಗ ಬರೆದೆ: "ಅಯ್ಯನೋರಿಗಿ ಸ್ವಾಗತ". ನನ್ನ ಹೆಂಡತಿ ಸುಗುಣಾ ಬಂದು ನಿಂತು ನೋಡಿದಳು.

"ಚರ್ಚಿನ ಹೆಸರು ಬರೀಲಿಲ್ಲೇನ್ರಿ?"

"ಜಾಗ ಇಲ್ಲ."

"ಅಕ್ಷರ ಸಣ್ಣವು ಬರೀಬೇಕಿತ್ತು."

"ಸಣ್ಣವು ನನಗ ಬರಂಗಿಲ್ಲ."

"ತೆಲುಗಿನಾಗರ ಬರೀರಿ. ಖೇಡದ ಕಡಿ ಎಲ್ಲಾರಿಗೂ ಕನ್ನಡ ಓದಾಕ ಬರಂಗಿಲ್ಲ."

"ಮಾತಾಡಾಕ ಬರ್ತದ ಅಂದ ಮ್ಯಾಗ ಓದಾಕೂ ಬರ್ತದ," ಅಂದೆ. ಅರ್ಧ ಆಯುಷ್ಯ ಮಾತಾಡಾಕ ಬಂದು ಓದಾಕ ಬರದೇ ಕಳದಾವ ನಾನೇ ಈ ಮಾತು ಅಂದೆ ನೋಡ್ರಿ.

ಚರ್ಚಿನ ಮುಂದ ಕ್ರಿಸ್‌ಮಸ್ ಗುಡಸಲನೂ ಹಿಂದಿನ ದಿನಾನೇ ಕಟ್ಟಿದ್ದೆ. ಹುಲ್ಲು ಹಾಸಿ, ಯೇಸುಕೂಸು, ಮರಿಯಮ್ಮ, ದನ, ಕುರಿ ಎಲ್ಲಾ ಮಣ್ಣಿನ ಗೊಂಬಿ ಇಟ್ಟಿದ್ದೆ. ಗೊಂಬಿ ನಮ್ಮಪ್ಪನ ಕಾಲದವು.

ಕ್ರಿಸ್‌ಮಸ್ ಮುಂಜಾನಿ ಮಂಜು ಭಾಳ ಬಿದ್ದಿತ್ತು. ಹಾರ, ಬೋರ್ಡ್ ಹಿಡ್ಕೊಂಡು ಬಸ್ ಸ್ಟ್ಯಾಂಡಿನಾಗ ನಿಂತೆ. ಅಯ್ಯನೋರ ಫೋನ್ ಹಚ್ಚಿದರ ಸ್ವಿಚ್ ಆಫ್. ಬಸ್ ಕೆಟ್ಟಿದ್ದರ? ನಿದ್ದಿ ಹತ್ತಿ ಸಂಗಾರೆಡ್ಡಿಗಿ ಹೋಗಿಬಿಟ್ಟಿದ್ದರ? ಅಷ್ಟರಾಗ ಖೇಡದ ಬಸ್ಸು, ತಾಂಡೂರ ಬಸ್ಸು ಎರಡೂ ಕೂಡೇ ಬಂದು ನಿಂತವು.

ಮೊದಲು ಒಬ್ಬ ಸಣಕಲ ಮನುಷ್ಯಾ, ಪ್ಯಾಂಟು, ಸ್ವೆಟರ್, ಕೈಯಾಗ ಸೂಟಕೇಸು, ನನ್ನ ಮುಂದ ಬಂದು ನಿಂತ. ಬೋರ್ಡನ್ನ ಮ್ಯಾಗಿಂದ ಕೆಳಗ ನೋಡಿದ, ಮತ್ತ ಕೆಳಗಿಂದ ಮ್ಯಾಗ ನೋಡಿದ. ಆಮ್ಯಾಗ ಸುಮ್ಮನ ಮುಂದ ಹೋದ. ಪಾಪ, ಓದು ಬರಹ ಇಲ್ಲ ಕಾಣ್ತದ ಅಂತ ನನಗ ಮರುಕ ಬಂತು. ಸಂಜಿ ಸಾಲಿ ವಿಳಾಸ ಕೊಡಬೇಕಿತ್ತು ಅಂತ ಕೂಡ ಅನಿಸ್ತು.

ಅವನ ಹಿಂದ ಒಬ್ಬರು ಹಿರಿಯರು ಬಂದರು. ಬಿಳಿ ಧೋತರ, ಮೈತುಂಬ ಶಾಲು, ಹುಬ್ಬಿನ ತನಕಾ ಎಳ್ಕೊಂಡ ಮಂಕಿ ಟೋಪಿ, ಹೆಗಲಿಗಿ ಚೀಲ. ಬೋರ್ಡ್ ನೋಡಿ ಮುಖ ಅರಳಿಸಿದರು.

"ನೀವು ಅಯ್ಯನೋರೇನ್ರಿ?" ಅಂದೆ.

"ಹೌದಪ್ಪಾ, ನಾನೇ. ತಡ ಆಗಿಲ್ಲಲ್ಲ?"

"ಇಲ್ರಿ. ಎಲ್ಲಾರೂ ನಿಮ್ಮ ಹಾದಿನೇ ನೋಡಾಕತ್ತಾರ."

ಹಾರ ಹಾಕಿದೆ. ಆಟೋದಾಗ ಕೂಡ್ಸಿದೆ. ರತ್ನಪ್ಪ ಸರ್‌ಗ ಫೋನ್ ಹಚ್ಚಿ, "ಸದರಿ ಅಯ್ಯನೋರು ಸಮಿತಿಯ ಕೈವಶ ಆಗ್ಯಾರ," ಅಂತ ಹೇಳಿದೆ.

ಆಟೋದ ಸಪ್ಪಳದಾಗ ಅಯ್ಯನೋರು ನನ್ನ ಕಿವಿ ಕಡಿ ಬಗ್ಗಿ ಕೇಳಿದರು, "ಕೂಸು ಹೆಂಗದಪ್ಪಾ?"

ಅಯ್ಯನೋರಂದ್ರ ಹಿಂಗಿರಬೇಕು. ಬಂದಾಕ್ಷಣ ಚಹಾ ಕೇಳಲಿಲ್ಲ, ಯೇಸುಕೂಸಿನ ಬಗ್ಗೆ ಕೇಳಿದರು.

"ಛಲೋ ಅದರಿ. ನಿನ್ನಿನೇ ಹುಲ್ಲಿನಾಗ ಮಲಗಿಸೀನಿ."

"ಹುಲ್ಲಿನಾಗ?"

"ಹೂನ್ರಿ. ಝಾಡಿಸೇ ಹಾಸೀನಿ. ಒಂದ್ಸಲ ಚೇಳು ಬಂದಿತ್ತು."

ಅಯ್ಯನೋರು ಶಾಲು ಬಿಗಿ ಮಾಡ್ಕೊಂಡರು. "ತಾಯಿ ಹೆಂಗದಾಳ?"

"ತಾಯಿದೇ ತ್ರಾಸ ಆತರಿ. ಎತ್ತೋವಾಗ ನನ್ನ ಕೈಜಾರಿ ಬಿದ್ದಳು. ಮೂಗು ಮುರೀತು. ಅಂಟು ಹಚ್ಚೀನಿ, ಈಗ ಗೊತ್ತೇ ಆಗಂಗಿಲ್ಲ."

"ದವಾಖಾನಿಗಿ ತೋರ್ಸಲಿಲ್ಲೇನು?"

ನಾ ನಕ್ಕೆ. ಮಜಾಕಿನ ಮನುಷ್ಯಾ ಸಿಕ್ಕಾರ, ಸಭೆ ಉದ್ಧಾರ ಆತು ಅನ್ಕೊಂಡೆ.

"ದವಾಖಾನಿ ಯಾಕ್ರಿ ಅಯ್ಯನೋರೆ? ಹಬ್ಬ ಮುಗಿದ ಮ್ಯಾಗ ತಾಯಿ ಕೂಸು ಇಬ್ಬರನ್ನೂ ಹಳೇ ಲುಂಗ್ಯಾಗ ಸುತ್ತಿ ಟ್ರಂಕಿನಾಗ ಇಟ್ಟು ಕೀಲಿ ಹಾಕ್ತೀವಿ."

ಅಯ್ಯನೋರು ಆಟೋದವನ ಹೆಗಲ ಮ್ಯಾಗ ಕೈ ಇಟ್ಟರು. "ತಮ್ಮಾ, ಜಲ್ದಿ ಹೊಡಿ."

ಚರ್ಚಿನ ಮುಂದ ಇಡೀ ಸಭೆ ನಿಂತಿತ್ತು. ಡಪ್ಪು ಸುರು ಆತು, ಹೆಣ್ಣುಮಕ್ಕಳು ಹಾಡಿನೊಂದಿಗೆ ಹೂವು ಚೆಲ್ಲಿದರು. ಅಯ್ಯನೋರು ಯಾರನ್ನೂ ನೋಡಲಿಲ್ಲ. "ಕೂಸೆಲ್ಲಿ? ಪೈಲೇ ಕೂಸು ತೋರ್ಸು," ಅಂತ ನನ್ನ ರಟ್ಟಿ ಹಿಡಿದರು. ಗುಡಸಲ ತೋರಿಸಿದೆ. ಬಗ್ಗಿ ನೋಡಿದರು. ಮಣ್ಣಿನ ಕೂಸು ನೋಡಿದರು, ಮಣ್ಣಿನ ತಾಯಿ ಮೂಗು ನೋಡಿದರು. ಒಂದು ದೊಡ್ಡ ಉಸಿರು ಬಿಟ್ಟು, "ಶಿವಾ, ಗೊಂಬೇನಾ," ಅಂದವರೇ ಬೆವರು ಒರಸ್ಕೊಳ್ಳಾಕ ಮಂಕಿ ಟೋಪಿ ತೆಗೆದರು.

ಹಣಿ ತುಂಬ ವಿಭೂತಿ.

ಡಪ್ಪು ಬಾರ್ಸೋನ ಕೈ ಗಾಳ್ಯಾಗೇ ನಿಂತಿತು.

ನಮ್ಮ ಕಡಿ ಒಂದು ಮಾತದರಿ. ನಾವು ಪಾಸ್ಟರಗ ಅಯ್ಯನೋರು ಅಂತೀವಿ. ಲಿಂಗಾಯತರು ಅವರ ಮನಿ ಪೂಜಾ ಮಾಡಾಕ ಬರೋ ಜಂಗಮರಿಗೂ ಅಯ್ಯನೋರೇ ಅಂತಾರ. ಇದು ಹುಟ್ಟಿದಾಗಿಂದ ನನಗ ಗೊತ್ತಿತ್ತು. ಬಸ್ ಸ್ಟ್ಯಾಂಡಿನಾಗ ಮಾತ್ರ ಗೊತ್ತಿದ್ದಿಲ್ಲ.

ರತ್ನಪ್ಪ ಸರ್ ನನ್ನ ಕಾಲರ್ ಹಿಡಿದು ಮೂಲಿಗಿ ಎಳೆದರು. "ಯಾರನ್ನ ತಂದೀಯೋ?"

"ಅಯ್ಯನೋರನ್ನರಿ."

"ಯಾರ ಅಯ್ಯನೋರನ್ನ?"

ಇದೇ ಸವಾಲು ಬಸ್ ಸ್ಟ್ಯಾಂಡಿನಾಗ ಕೇಳಬೇಕಿತ್ತು.

ಅಯ್ಯನೋರು ತಾಂಡೂರ ಬಸ್ಸಿಗಿ ಬಂದ ಕೊಡಂಗಲ್‌ದವರು. ನಮ್ಮೂರ ಶರಣಪ್ಪ ಸಾಹುಕಾರರ ಮೊಮ್ಮಗನ ತೊಟ್ಟಿಲ ಕಾರ್ಯಕ್ಕ, ಕೂಸಿಗಿ ಲಿಂಗ ಕಟ್ಟಿ ಹೆಸರಿಡಾಕ ಇದೇ ಮೊದಲನೇ ಸಲ ಬಂದವರು, ಸಾಹುಕಾರರೂ ಅವರ ಮುಖ ನೋಡಿದ್ದಿಲ್ಲ. ನಾ ಅವರ ಕಾಲಿಗಿ ಬೀಳಾಕ ಹೋದರ, ಹಿಂದಿನಿಂದ ಗಾಳಿ ಬೀಸ್ತು. ಚರ್ಚಿನ ಹಿಂದ ಬಗಾರಾ ಅನ್ನ, ಮಟನ್ ಖುರ್ಮಾ ಕುದಿಯಾಕತ್ತಿದ್ದವು. ನನ್ನ ಜೀವ ಹಾರಿಹೋತು. ಮಾಂಸ ಮುಟ್ಟದ ಮನುಷ್ಯಾನ್ನ ತಂದು ಇಲ್ಲಿ ನಿಲ್ಲಿಸೀನಲ್ಲ! ನಾ ಎರಡೂ ಕೈ ಅಗಲ ಮಾಡ್ಕೊಂಡು ಅವರ ಮುಂದ ಅಡ್ಡ ನಿಂತೆ.

"ಯಾಕೋ ತಮ್ಮಾ, ಹಿಂಗ ನಿಂತೀ?"

"ಗಾಳಿ ಭಾಳದರಿ ಅಯ್ಯನೋರೆ. ಥಂಡಿ ಹತ್ತೀತು."

"ಥಂಡಿ ಅಲ್ಲ, ಮಸಾಲಿ ಹತ್ತಾಕತ್ಯದ," ಅಂದು ಅವರು ಶಾಲಿನ ಸೆರಗು ಮೂಗಿಗಿ ಹಿಡಿದರು. ಸಿಟ್ಟಿಲ್ಲ. ಕಣ್ಣಾಗ ನಗಿ ಇತ್ತು. ಚೀಲದಾಗಿಂದ ಸಣ್ಣ ಫೋನ್ ತೆಗೆದು ಸಾಹುಕಾರರಿಗಿ ಹಚ್ಚಿದರು.

"ಶರಣಪ್ಪಾ, ನಾ ಅಯ್ಯ ಮಾತಾಡಾಕತ್ತೀನಿ."

ಆ ಕಡಿಯಿಂದ ಸಾಹುಕಾರರ ದನಿ ನಮ್ಮೆಲ್ಲಾರಿಗೂ ಕೇಳ್ತು. "ಯಾವ ಅಯ್ಯರಿ? ಅಯ್ಯನೋರು ಬಂದು ಇಲ್ಲೇ ಗಾದಿ ಮ್ಯಾಗ ಕೂತು ಹಾಲು ಕುಡಿಯಾಕತ್ತಾರ."

"ಮತ್ತ ನಾ ಯಾರು?"

ನಮಗ ಗೊತ್ತಾತು. ಸುಗುಣಾ ಹೆಣ್ಣುಮಕ್ಕಳ ಸಾಲಿನಾಗಿಂದಲೇ ಅಂದಳು, "ಹಾಲು ಕುಡಿಯೋರು ನಮ್ಮವರು. ಓಡ್ರಿ."

ಮತ್ತ ಆಟೋ. ಈ ಸಲ ಹಿಂದ ಅಯ್ಯನೋರು, ನಾನು. ಮುಂದ ಆಟೋದವನ ಬಾಜೂಕ ಅರ್ಧ ಹೊರಗ ಜೋತಾಡ್ಕೋತ ರತ್ನಪ್ಪ ಸರ್. ನನ್ನ ತಲ್ಯಾಗ ಒಂದೇ ವಿಚಾರ. ಸಾಹುಕಾರರು ಏನ್ ಅಂತಾರೋ. ಅವರ ಮನಿ ಕಾರ್ಯದಾಗ ನಮ್ಮ ಪಾಸ್ಟರ್ ಹೋಗಿ ಕೂತಾರ ಅಂದ್ರ ಊರಾಗ ಯಾರು ಏನ್ ತಿಳ್ಕೊಂತಾರೋ. ಸಮಿತಿ ಹೋದರ ಹೋಗಲಿ, ಜಮಖಾನಿ ಮುಟ್ಟಾಕರ ಬಿಡ್ತಾರೋ ಇಲ್ಲೋ.

ಮನಿ ಒಳಗ ಹೊಕ್ಕರ, ಗಾದಿ ಮ್ಯಾಗ ಕೂತಾವ ಅದೇ ಸಣಕಲ ಮನುಷ್ಯಾ. ನಾ ಮರುಕ ಪಟ್ಟಾವ. ಸಾಹುಕಾರರ ಅಳಿಯ ಅಯ್ಯನೋರನ್ನ ಕರೀಲಾಕ ಬಂದು ಬಸ್ ಸ್ಟ್ಯಾಂಡಿನ ಗೇಟಿನಾಗ "ಅಯ್ಯನೋರೇನ್ರಿ?" ಅಂತ ಕೇಳ್ಯಾನ, ಇವರು ಹೌದಂದಾರ, ಕಾರಿನಾಗ ಬಂದಾರ. ಯಾರೋ ದೊಡ್ಡ ಸಭಾಸದರ ಮನಿ ಅಂತ ತಿಳ್ಕೊಂಡಾರ. ತೊಟ್ಟಿಲ ಕಂಡಾರ, ಕೂಸಿನ ಅಜ್ಜಿನ್ನ ಪ್ರೀತಿಲೆ ಮಾತಾಡಿಸಾಕತ್ತಾರ.

"ಕೂಸಿಗಿ ದೀಕ್ಷಾಸ್ನಾನ ಯಾವಾಗಮ್ಮಾ?"

ಅಜ್ಜಿ ಸೆರಗು ಸರಿ ಮಾಡ್ಕೊಂಡು, "ಸ್ನಾನ ಮುಂಜಾನಿನೇ ಆಗ್ಯದರಿ ಅಯ್ಯನೋರೆ. ಎಣ್ಣಿ ಹಚ್ಚಿ, ಬಿಸಿನೀರು ಹಾಕಿ, ಲೋಬಾನದ ಹೊಗಿನೂ ಕೊಟ್ಟೀನಿ," ಅಂದಳು.

"ಅದಲ್ಲಮ್ಮಾ, ಚರ್ಚಿನಾಗ..."

ಅಷ್ಟರಾಗ ಬಾಗಲದಾಗ ಕೊಡಂಗಲ್ ಅಯ್ಯನೋರು ನಿಂತಿದ್ದರು, ಕೊಳ್ಳಾಗ ನಾ ಹಾಕಿದ ಹಾರ. ಅಜ್ಜಿ ಅವರನ್ನ ನೋಡಿದಳು. ಗಾದಿ ಮ್ಯಾಗಿನವರನ್ನ ನೋಡಿದಳು. "ಇಬ್ಬಿಬ್ಬರು ಯಾಕ? ನಮಗ ಒಬ್ಬರು ಸಾಕಾಗಿತ್ತು," ಅಂದಳು.

ಎಲ್ಲಾ ಬಿಡಿಸಿ ಹೇಳಿದ್ದು ರತ್ನಪ್ಪ ಸರ್. ನಾ ಬಾಗಲ ಹಿಂದ ಇದ್ದೆ. ಸಾಹುಕಾರರು ಸಿಟ್ಟಾಗ್ತಾರಂತ ಕಣ್ಣು ಮುಚ್ಕೊಂಡರ, ಕೇಳ್ಸಿದ್ದು ಕೆಮ್ಮು. ನಕ್ಕು ನಕ್ಕು ಅವರಿಗಿ ಕೆಮ್ಮು ಹತ್ತಿತ್ತು. ಕೊಡಂಗಲ್ ಅಯ್ಯನೋರು ಹಾರ ತೆಗೆದು ಪಾಸ್ಟರ್ ಅಯ್ಯನೋರ ಕೊಳ್ಳಾಗ ಹಾಕಿ, "ತಗೋರಿ, ನಿಮ್ಮ ಸಾಮಾನು," ಅಂದರು. ಆಮ್ಯಾಗ ನನ್ನ ಕಡಿ ಹೊಳ್ಳಿ, "ಹುಡುಗ ಛಲೋ ಅದಾನ. ಆದ್ರ ಮೂಗು ಮುರಿದ ಸುದ್ದಿ ಹೇಳೋವಾಗ ಗೊಂಬಿ ಅನ್ನೋದು ಪೈಲೇ ಹೇಳಬೇಕು," ಅಂದರು. ನನಗ ಹುಡುಗ ಅಂದವರು ಆ ದಿನ ಅವರೊಬ್ಬರೇ.

ಹೊರಗ ಬಂದು ಪಾಸ್ಟರ್ ಅಯ್ಯನೋರಿಗಿ ಕೇಳಿದೆ, "ನೀವು ನನ್ನ ಬೋರ್ಡ್ ನೋಡಿ ಯಾಕ ಹೋದಿರಿ?"

"ನನಗ ತೆಲುಗು ಅಷ್ಟೇ ಓದಾಕ ಬರ್ತದಪ್ಪಾ. ನೀನು ಕಬ್ಬಿನ ಫ್ಯಾಕ್ಟರಿಯವನೋ, ಮದುವಿಯವನೋ ಅನ್ಕೊಂಡೆ."

ನಾ ಸುಗುಣಾಗ ಈ ಮಾತು ಹೇಳಬಾರದಂತ ಅಲ್ಲೇ ನಿಶ್ಚಯ ಮಾಡಿದೆ. ರತ್ನಪ್ಪ ಸರ್ ಚರ್ಚಿನ ಗೇಟಿನಾಗೇ ಹೇಳಿಬಿಟ್ಟರು. ತೆಲುಗಿನಾಗ ಬರೀರಿ ಅಂತ ನಾ ಮೊದಲೇ ಹೇಳಿದ್ದೆ ಅಂತ ಆಕಿ ಎಲ್ಲಾರ ಮುಂದ ಅಂದಳು.

ಆರಾಧನಿ ತಡ ಆಗಿ ಸುರು ಆತು, ಆದ್ರ ಆತು. ಊಟದ ಮ್ಯಾಗ ಹಿರಿಯರ ಕಮಿಟಿ ಕೂತಿತು. ಸದರಿ ಸ್ವಾಗತ ಸಮಿತಿಯ ಸದರಿ ಸದಸ್ಯ ಖುರ್ಮಾದ ತಾಟು ಹಿಡ್ಕೊಂಡು ಬಾಗಲ ಹತ್ರ ನಿಂತಿದ್ದ. ರತ್ನಪ್ಪ ಸರ್ ಎದ್ದರು. "ಇವನನ್ನ ಇವತ್ತೇ ತೆಗೀಬೇಕು. ನಾಳಿ ಬಿಷಪ್ ಬಂದರ ಇವ ಯಾರನ್ನ ತರ್ತಾನೋ."

ಪಾಸ್ಟರ್ ಅಯ್ಯನೋರು ಹಲ್ಲಿನಾಗಿನ ಎಲುಬು ತೆಗೆದು ನಿಧಾನಕ ಅಂದರು, "ನನ್ನನ್ನ ಯಾರೂ ಎದುರುಗೊಳ್ಳಲಿಲ್ಲ ಅನ್ನಾಕ ಬರಂಗಿಲ್ಲ. ಸಾಹುಕಾರರ ಮನ್ಯಾಗ ಹಾಲು ಕೊಟ್ಟರು, ಗಾದಿ ಕೊಟ್ಟರು. ಆ ಹಿರಿಯರೂ ನಿಮ್ಮ ಹೂವು ಹಾಡು ಭಾಳ ಹೊಗಳಿದರು. ಇಬ್ಬರು ಹೊಸಬರಿಗೂ ಊರಾಗ ಸ್ವಾಗತ ಆಗ್ಯದ. ಸಮಿತಿ ಇರಲಿ."

ನನ್ನ ಕಣ್ಣಾಗ ನೀರು ಬಂತು. ಗೆದ್ದೆ ಅನ್ಕೊಂಡೆ.

"ಆದ್ರ," ಅಂದರು ಅಯ್ಯನೋರು, "ಅಧ್ಯಕ್ಷರು ಬ್ಯಾರೆ ಇರ್ಲಿ. ಬೋರ್ಡ್ ತೆಲುಗಿನಾಗ ಬರೀರಿ ಅಂತ ಮೊದಲೇ ಹೇಳಿದ್ದ ಆ ತಾಯಿ ಯಾರು?"

ಕಮಿಟಿ ಒಮ್ಮತದಿಂದ ಕೈ ಎತ್ತಿತು. ಈಗ ಸ್ವಾಗತ ಸಮಿತಿ ಅಧ್ಯಕ್ಷೆ ನನ್ನ ಹೆಂಡತಿ. ನಾ ಖಾಯಂ ಸದಸ್ಯ. ಅಧ್ಯಕ್ಷರು ಮನಿಗಿ ಬಂದ ಮ್ಯಾಗ ಮೊದಲನೇ ಹುಕುಂ ಹೊರಡಿಸಿದರು: "ನೀವು ಯಾರಿಗೂ ಏನೂ ಕೇಳಬ್ಯಾಡ್ರಿ, ಏನೂ ಹೇಳಬ್ಯಾಡ್ರಿ. ಗೇಟಿನಾಗ ಹೊಸಾ ಮುಖ ಕಂಡರ ನಕ್ಕು ಒಂದು ಗುಲಾಬಿ ಕೊಡ್ರಿ. ಅಷ್ಟು ಸಾಕು."

ಹೊಸಾ ವರ್ಷದ ಆರಾಧನಿ ದಿನ ಒಬ್ಬ ಹೊಸಬ ಬಂದ. ನಾ ಹುಕುಂ ಪ್ರಕಾರ ಬಾಯಿ ಬಿಡದೇ ನಕ್ಕೆ, ಗುಲಾಬಿ ಕೊಟ್ಟೆ, ಕೈ ಹಿಡಿದು ಕರ್ಕೊಂಡು ಹೋಗಿ ಎಲ್ಲಾರಿಗಿಂತ ಮುಂದಿನ ಸಾಲಿನಾಗ ಕೂಡ್ಸಿದೆ. ಪಾಪ, ಎರಡು ಹಾಡು, ಒಂದು ಪ್ರಸಂಗ, ಕಾಣಿಕಿ ಎಲ್ಲಾ ಮುಗಿಯೋ ತನಕಾ ಕೂತ. ಆಮ್ಯಾಗ ಎದ್ದು ಭಾಳ ನಾಜೂಕಿನಿಂದ ಅಧ್ಯಕ್ಷರಿಗಿ ಕೇಳಿದ:

"ಅಮ್ಮಾ, ಈಗರ ಕರೆಂಟ್ ಮೀಟರ್ ಎಲ್ಲದ ತೋರಿಸ್ತೀರೇನ್ರಿ?"