ಮೂರು ಗಂಟೆ ದಾಟಿದ ಅರ್ಜಿ

ಎಲ್ಲಕ್ಕೂ ಮೂಲ ಊಟವಾದ ಮೇಲಿನ ತೂಕಡಿಕೆ.

ಕೆಲಸ ಕೇಳುವವರನ್ನು ಕೆಲಸ ಕೊಡುವವರಿಗೆ ಜೋಡಿಸುವ ಆ ಕಚೇರಿಯ ಮೂರನೇ ಮಹಡಿಯಲ್ಲಿ ಏಳು ಮೇಜು. ಕೊನೆಯ ಮೇಜಿನವನಿಗೆ ಎಲ್ಲರೂ ಇಟ್ಟ ಹೆಸರು ಜರಡಿ. ಬಂದ ಅರ್ಜಿಯನ್ನು ಬಂದ ಹೊತ್ತಿಗೇ ಓದಿ ಒಪ್ಪಿದರೆ ಹಸಿರು, ಇಲ್ಲವಾದರೆ ಕೆಂಪು ಗುಂಡಿ ಒತ್ತುವುದು ಅವನೊಬ್ಬನ ಕೆಲಸ. ಅವನು ಒತ್ತುವುದನ್ನು ನೋಡಿ ನೋಡಿ ಹೊಸ ಯಂತ್ರ ಎಂಟು ತಿಂಗಳಿಂದ ಕಲಿಯುತ್ತಿತ್ತು. ದಿನಕ್ಕೆ ನಾನೂರು ಅರ್ಜಿ. ಮೂರು ಗಂಟೆಗೆ ಸರಿಯಾಗಿ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಬೆರಳು ಮಾತ್ರ ಕೆಂಪು ಗುಂಡಿಯ ಮೇಲೆ ಕಾಳಿಲ್ಲದ ಅಂಗಳದ ಕೋಳಿಯ ಹಾಗೆ ಕುಕ್ಕುತ್ತಲೇ ಇರುತ್ತಿತ್ತು. ಒಂದೊಂದು ಕುಕ್ಕಿಗೂ ಎಲ್ಲೋ ಒಂದು ಮನೆಯ ಒಲೆ ಆರುತ್ತಿತ್ತು. ಅದು ಅವನಿಗೆ ಕಾಣುತ್ತಿರಲಿಲ್ಲ. ಮಾಲೀಕರಿಗೆ ಕಾಣಬೇಕಾಗಿಯೂ ಇರಲಿಲ್ಲ.

ಹೋದ ವಾರ ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ ನಗುತ್ತಾ, "ವಿಚಿತ್ರ ನೋಡಿ, ಮೂರರ ಮೇಲೆ ಬಂದ ಒಂದು ಅರ್ಜೀನೂ ಇದು ಒಪ್ಪಲ್ಲ. ನಮಗೆ ಕಾಣದ್ದು ಏನೋ ಅದಕ್ಕೆ ಕಂಡಿರಬೇಕು!" ಎಂದಿದ್ದಳು. ಅದಕ್ಕೆ ಕಂಡದ್ದು ಏನೆಂದು ಜರಡಿಗೊಬ್ಬನಿಗೆ ಗೊತ್ತಿತ್ತು.

ಇವತ್ತು ಗೋಡೆಗೆ ನೋಟಿಸು ಬಿತ್ತು. ಏಳೂ ಮಂದಿ ನಾಲ್ಕರೊಳಗೆ ತಂತಮ್ಮ ಅರ್ಜಿಯನ್ನೇ ಯಂತ್ರಕ್ಕೆ ಹಾಕಬೇಕು. ಹಸಿರಾದವರು ಉಳಿಯುತ್ತಾರೆ. ಕೆಂಪಾದವರು ಸಂಜೆಗೆ ಮನೆಗೆ.

ಜರಡಿಗೆ ಐವತ್ಮೂರು. ಹೆಂಡತಿ ಮಂಡಿ ಮುರಿದುಕೊಂಡು ಮಲಗಿದ್ದಾಳೆ, ಮಗಳ ಓದು ಮುಗಿದಿಲ್ಲ. ಎರಡೂವರೆಗೇ ಅರ್ಜಿ ಬರೆದು ಕಳಿಸುವ ಗುಂಡಿಗೆ ಕೈ ಹಾಕಿದ.

"ತಡಿ ತಡಿ!" ಫೋನ್ ಮೇಜಿನ ಅಕ್ಕ ಕೈ ಹಿಡಿದಳು. "ಈ ಫೋಟೋ ಹಾಕ್ತೀಯಾ? ಸುಟ್ಟ ಬದನೆಕಾಯಿ ಹಾಗಿದೀಯಲ್ಲೋ. ಯಂತ್ರ ಹೆದರ್ಕೊಳ್ಳುತ್ತೆ."

"ಕೈ ಬಿಡಕ್ಕ, ಹೊತ್ತಾಯ್ತು."

"ನಾಲ್ಕಕ್ಕೆ ಇನ್ನೂ ಒಂದೂವರೆ ಗಂಟೆ ಇದೆ. ಯಾರು ಅಟ್ಟಿಸ್ಕೊಂಡು ಬರ್ತಿದಾರೆ ನಿನ್ನ?"

ಕಡತ ಕಾಯುವ ಅಜ್ಜ ಕನ್ನಡಕ ಏರಿಸಿಕೊಂಡು ಬಂದ. "ನಾಯಕತ್ವದ ಗುಣ ಇದೆ ಅಂತ ಬರೆದೇ ಇಲ್ಲವಲ್ಲಪ್ಪ. ಸೇರಿಸು."

"ನಾನು ಯಾರಿಗೆ ನಾಯಕ?"

"ಮನೇಲಿ ಬೆಕ್ಕಿದೆಯಲ್ಲ. ಸೇರಿಸು."

"ನಾನು ಸೇರಿಸ್ತೀನಿ, ಆ ಕಡೆ ಸರಿಯಪ್ಪ" ಎಂದು ಟೈಪಿಸ್ಟ್ ನುಗ್ಗಿ ಇಡೀ ಅರ್ಜಿಯನ್ನೇ ಅಳಿಸಿಬಿಟ್ಟ.

ಎರಡು ನಲವತ್ತೆಂಟು. ಜರಡಿ ನಾಯಕತ್ವವನ್ನೂ ಸೇರಿಸಿಕೊಂಡು ಮತ್ತೆ ಬರೆಯತೊಡಗಿದ. ಮೂರರೊಳಗೆ ಹಾಕಿ ಎಂದು ಒಂದು ಮಾತು ಆಡಿದ್ದರೆ ಎಲ್ಲರೂ ಉಳಿಯುತ್ತಿದ್ದರು. ನಾಲಿಗೆಯ ತುದಿಗೂ ಬಂತು. ಆದರೆ, ನಿನಗೆ ಹೇಗೆ ಗೊತ್ತು ಅಂದುಬಿಟ್ಟರೆ? ಎಂಟು ತಿಂಗಳ ನಿದ್ದೆ ಬಯಲಿಗೆ ಬೀಳುತ್ತದೆ. ಮಾತನ್ನು ಎಂಜಲಿನ ಜತೆ ನುಂಗಿದ. ಮೂರಕ್ಕೆ ಎರಡು ನಿಮಿಷವಿದ್ದಾಗ ಒತ್ತಿದ.

ಹಸಿರು!

"ನೋಡಿದ್ರಾ, ನಾಯಕತ್ವ!" ಎಂದು ಅಜ್ಜ ಕುಣಿದ. ಉಳಿದ ಆರೂ ಮಂದಿ ತಂತಮ್ಮ ಅರ್ಜಿಗೆ ನಾಯಕತ್ವ ಸೇರಿಸಲು ಓಡಿದರು. ಟೀ ಕುಡಿದರು, ತಲೆ ಬಾಚಿ ಒಬ್ಬರ ಫೋಟೋ ಒಬ್ಬರು ತೆಗೆದರು. ಮೊದಲ ಅರ್ಜಿ ಹೋದದ್ದು ಮೂರೂಕಾಲಿಗೆ. ಕೆಂಪು. ಅಜ್ಜನದು ಕೆಂಪು. ಅಕ್ಕನದೂ. ಆರಕ್ಕೆ ಆರೂ ಕೆಂಪು. ಜರಡಿ ತನ್ನ ಬೆರಳನ್ನೇ ನೋಡುತ್ತಾ ಕುಳಿತ.

ಅಕ್ಕ ಮೆಲ್ಲಗೆ ಕೇಳಿದಳು, "ಹೊತ್ತಾಯ್ತು ಹೊತ್ತಾಯ್ತು ಅಂತಿದ್ದೆಯಲ್ಲ. ನಿನಗೆ ಗೊತ್ತಿತ್ತೇನೋ?"

ಅಷ್ಟರಲ್ಲಿ ಬಾಗಿಲಲ್ಲಿ ಮ್ಯಾನೇಜರ್. "ಶಭಾಷ್! ನೀವೊಬ್ರು ಉಳಿದ್ರಿ. ಆದ್ರೆ ಒಬ್ಬರಿಗೋಸ್ಕರ ಒಂದು ಮಹಡಿ, ಏಳು ದೀಪ, ನಾಲ್ಕು ಫ್ಯಾನು ನಡೆಸಕ್ಕಾಗುತ್ತೇನ್ರೀ? ಇನ್ನೂ ಒಂದಿಬ್ಬರು ಉಳಿದಿದ್ರೆ ನೋಡಬಹುದಿತ್ತು. ಈ ವಿಭಾಗ ಮುಚ್ತಾ ಇದೀವಿ."

"ಸಾರ್, ನಾನು ಹಸಿರು..."

"ಹಸಿರಾದವರಿಗೆ ಯಾಕ್ರೀ ಹೆದರಿಕೆ? ಕೆಳಗೆ ಉಗ್ರಾಣದಲ್ಲಿ ಒಂದು ಜಾಗ ಇದೆ. ಈಗಲೇ ಯಂತ್ರಕ್ಕೆ ಅರ್ಜಿ ಹಾಕಿ."

ಜರಡಿ ಗಡಿಯಾರ ನೋಡಿದ. ಮೂರೂ ಮುಕ್ಕಾಲು. "ನಾಳೆ ಬೆಳಿಗ್ಗೆ ಹಾಕ್ಲಾ ಸಾರ್?"

"ನಾಳೆಗೆಲ್ಲಿರುತ್ತೆ? ನಾಲ್ಕಕ್ಕೆ ಮುಚ್ಚುತ್ತೆ. ಹಾಕ್ರೀ, ನಾನೇ ಪಕ್ಕದಲ್ಲಿ ನಿಂತಿರ್ತೀನಿ."

ಆರೂ ಮಂದಿ ಸುತ್ತ ಬಂದು ನಿಂತರು. ಈ ಸಲ ಯಾರೂ ಸಲಹೆ ಕೊಡಲಿಲ್ಲ.

"ಒತ್ತಪ್ಪ," ಎಂದಳು ಅಕ್ಕ. "ನಾವೆಲ್ಲ ಒತ್ತಲಿಲ್ವಾ?"

ಒತ್ತಿದ. ಬೆರಳು ಗುಂಡಿಯಿಂದ ಏಳುವ ಮೊದಲೇ ಕೆಂಪು ಬಂತು. ಎಂಟು ತಿಂಗಳಲ್ಲಿ, ಗಾಢ ನಿದ್ದೆಯಲ್ಲೂ, ಜರಡಿ ಯಾರನ್ನೂ ಅಷ್ಟು ಬೇಗ ಹೊರಗೆ ಹಾಕಿರಲಿಲ್ಲ.