ಕನ್ನಡ ಬಾರದ ಬಾಡಿಗೆದಾರ

ಬಾಡಿಗೆ ಮನೆ ಹುಡುಕುವವನು ಸ್ವಲ್ಪ ಮಟ್ಟಿಗಾದರೂ ನಟನಾಗಿರಬೇಕು. ಬೀಡಿ ಸೇದುವವನು ಅದರ ವಾಸನೆಯೇ ಆಗುವುದಿಲ್ಲ ಎನ್ನುತ್ತಾನೆ. ಮನೆತುಂಬ ನೆಂಟರಿರುವವನು ತನಗೆ ಹಿಂದುಮುಂದು ಯಾರೂ ಇಲ್ಲವೆಂದು ಮುಖ ಸಣ್ಣದು ಮಾಡುತ್ತಾನೆ. ನನಗೆ ಬೀಡಿಯ ಚಟವಿಲ್ಲ. ನೆಂಟರು ಬಂದರೂ ಊಟ ಮುಗಿಸಿ ಸಂಜೆ ಬಸ್ಸಿಗೆ ಹೋಗಿಬಿಡುತ್ತಾರೆ. ಮುಚ್ಚಿಡಲು ನನ್ನ ಹತ್ತಿರ ಏನೂ ಇರಲಿಲ್ಲವಾದ್ದರಿಂದ ಮಾತೃಭಾಷೆಯನ್ನೇ ಮುಚ್ಚಿಟ್ಟೆ.

ನನ್ನದು ದನದ ದವಾಖಾನೆಯಲ್ಲಿ ನೌಕರಿ. ಡಾಕ್ಟರಲ್ಲ, ಡಾಕ್ಟರು ಸೂಜಿ ಚುಚ್ಚುವಾಗ ಕೊಂಬು ಹಿಡಿದುಕೊಳ್ಳುವವನು. ಹುಟ್ಟಿ ಬೆಳೆದದ್ದು ತೆಲುಗು ಸೀಮೆಯ ತಾಂಡೂರಿನಲ್ಲಿ, ನೌಕರಿ ಮಾಡುತ್ತಿದ್ದದ್ದು ಜಹೀರಾಬಾದಿನಲ್ಲಿ. ಅಲ್ಲಿಂದ ನಾರಾಯಣಖೇಡಕ್ಕೆ ವರ್ಗವಾದಾಗ ಕೆಲವು ತಿಂಗಳು ದಿನಾ ಬಸ್ಸಿನಲ್ಲೇ ಓಡಾಡಿದೆ. ಬೇಸಿಗೆ ರಜೆ ಬಂದಾಗ ನನ್ನ ಹೆಂಡತಿ ಸುಮಿತ್ರಾ ಕಡ್ಡಿ ಮುರಿದಂತೆ ಹೇಳಿದಳು: "ಶಾಲಿ ಚಾಲೂ ಆಗೂದ್ರಾಗ ಅಲ್ಲೇ ಒಂದು ಮನಿ ಹಿಡೀರಿ. ಇಲ್ಲಂದ್ರ ನಾ ಮಗಳನ್ನ ಕರಕೊಂಡು ತವರಿಗಿ ಹೋಗ್ತೀನಿ. ನೀವು ಬಸ್ಸಿನ್ಯಾಗೇ ಸಂಸಾರ ಮಾಡ್ರಿ."

ನಾರಾಯಣಖೇಡದ ಹಳೇ ಊರಿನಲ್ಲಿ ಮನೆಗಳು ಚೆನ್ನಾಗಿವೆ. ಕಿಟಕಿಯ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಆರಾಮಾಗಿ ಮಲಗಬಹುದು, ಗೋಡೆಗಳು ಅಷ್ಟು ದಪ್ಪ. ಮೊದಲು ನೋಡಿದ ಮನೆಯ ಯಜಮಾನರು ಕನ್ನಡದವರೇ. ಚಹಾ ಕೊಟ್ಟು ಮಾತಿಗೆ ಕೂತರು. ಯಾವೂರು, ಯಾರ ಪೈಕಿ, ತಂದೆ ಏನು ಮಾಡುತ್ತಿದ್ದರು, ತಾಯಿಯ ತವರು ಯಾವುದು ಎಂದು ಒಂದೊಂದೇ ಕೇಳುತ್ತ ಹೋದರು. "ಸಿರ್ಗಾಪುರ್ರಿ" ಎಂದೆ ನಾನು, ಹೆಮ್ಮೆಯಿಂದ. ಯಜಮಾನರ ಮುಖ ಬಿಗಿಯಿತು. ನನ್ನ ತಾಯಿಯ ಕಾಕಾ ಒಬ್ಬರು ಇವರ ಮಾವನವರ ಹೊಲದ ಬದುವನ್ನು ಒಂದು ಮೊಳ ಈಚೆಗೆ ಸರಿಸಿದ್ದರಂತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ ಎಂದು ಹೇಳಿ ನೋಡಿದೆ. "ಹೊಲ ಆವಾಗೂ ಇತ್ತಲ್ರಿ" ಎಂದರು. ಅರ್ಧ ಕುಡಿದಿದ್ದ ಚಹಾವನ್ನು ಪೂರ್ತಿ ಮಾಡಬೇಕೋ ಬಿಡಬೇಕೋ ತಿಳಿಯದೆ ಕಪ್ಪು ಹಿಡಿದುಕೊಂಡೇ ಎದ್ದು ನಿಂತೆ.

ಎರಡನೆಯ ಮನೆಯಲ್ಲಿ ಇದರ ತಿರುವುಮುರುವು. ಅಲ್ಲಿಯೂ ಕನ್ನಡ, ಅಲ್ಲಿಯೂ ಚಹಾ. ಕಾಲು ಗಂಟೆಯಲ್ಲಿ ನಾನು ಆ ಮನೆಯವರಿಗೆ ದೂರದಿಂದ ಅಳಿಯನಾಗಬೇಕೆಂದು ಗೊತ್ತಾಯಿತು. ಅವರಿಗೆ ಬಹಳ ಸಂತೋಷವಾಯಿತು. "ಅಳಿಯನ ಹಂತ್ಯಾಕ ಕಿರಾಯಿ ಹ್ಯಾಂಗ ಕೇಳೂದು?" ಎಂದು ಸಂಕೋಚಪಟ್ಟು ಮನೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟರು.

ಆಗ ನನಗೆ ಜ್ಞಾನೋದಯವಾಯಿತು. ಈ ಊರಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅದು ಮುತ್ತಜ್ಜನ ಹೊಲಕ್ಕೆ ಹೋಗಿ ಮುಟ್ಟುತ್ತದೆ. ತೆಲುಗಿನಲ್ಲಿ ಮಾತಾಡಿದರೆ ಕಚೇರಿಯ ಬಾಗಿಲಲ್ಲೇ ನಿಲ್ಲುತ್ತದೆ. ಮೂರನೆಯ ಮನೆಯ ಮುಂದೆ ನಿಂತು, ಅಂಗಿ ಸರಿಮಾಡಿಕೊಂಡು, ಅಪ್ಪಟ ತೆಲುಗಿನಲ್ಲಿ "ಇಲ್ಲು ಕಿರಾಯಿಕಿ ಇಸ್ತಾರಾಂಡಿ?" ಎಂದು ಮನೆ ಬಾಡಿಗೆಗೆ ಕೇಳಿದೆ.

ಆ ಮನೆಯ ಯಜಮಾನರು ಮಾಣಿಕಪ್ಪನವರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರ ಹೆಂಡತಿ ಶಾಂತಾಬಾಯಿ. ಅಂಗಳದಲ್ಲಿ ಒಂದು ಎಮ್ಮೆ. ಕೆಳಗೆ ಅವರು, ಮೇಲೆ ಖಾಲಿ ಇದ್ದ ಮೂರು ಖೋಲಿ. ಎಲ್ಲಿಂದ ಬಂದಿರಿ ಎಂದರು. ಜಹೀರಾಬಾದ್ ಎಂದೆ, ಅದು ಸುಳ್ಳಲ್ಲ. ಕನ್ನಡ ಬರುತ್ತದೆಯೇ ಎಂದು ತೆಲುಗಿನಲ್ಲೇ ಕೇಳಿದರು. ತಲೆಯನ್ನು ಅಡ್ಡಡ್ಡ ಆಡಿಸಿದೆ. ಬಾಯಿಬಿಟ್ಟು ಬರುವುದಿಲ್ಲ ಎನ್ನಲಿಲ್ಲ; ಅಷ್ಟರಮಟ್ಟಿಗೆ ನಾನು ಸತ್ಯವಂತ.

ಕೂಡಲೇ ಮಾಣಿಕಪ್ಪನವರು ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ, "ಮನಷ್ಯಾ ಹ್ಯಾಂಗ ಕಾಣಸ್ತಾನ?" ಎಂದರು.

"ಬುದ್ಧಿ ಕಮ್ಮಿ ಕಾಣಸ್ತದ. ಚಲೋನೇ ಆತು, ಜಗಳ ಮಾಡಂಗಿಲ್ಲ. ಹಿಂದಿನ ಖೋಲಿ ಸೋರ್ತದಂತ ಮಾತ್ರ ಹೇಳಬ್ಯಾಡ್ರಿ."

ನಾನು ಎಮ್ಮೆಯನ್ನು ನೋಡುತ್ತ ನಿಂತಿದ್ದೆ. ಸ್ವಲ್ಪ ಹೊತ್ತು ಬಿಟ್ಟು, ಹಿಂದಿನ ಖೋಲಿಯ ಮೇಲ್ಛಾವಣಿ ಹೇಗಿದೆ ಎಂದು ತೆಲುಗಿನಲ್ಲಿ ವಿಚಾರಿಸಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಇವ ಕಂಡಂಗಿಲ್ಲ, ಭಾಳ ಹುಷಾರ್ ಅದಾನ" ಎಂದರು ಶಾಂತಾಬಾಯಿ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ. ಛಾವಣಿ ರಿಪೇರಿಯಾಯಿತು, ಮನೆ ಸಿಕ್ಕಿತು.

ಸಾಮಾನು ಇಳಿಸಿದ ಮೇಲೆ ಸುಮಿತ್ರಾಗೆ ಈ ಗುಟ್ಟು ಹೇಳಿ, ಇನ್ನು ಮುಂದೆ ಕೆಳಗಿನವರ ಮುಂದೆ ನೀನೂ ಮಗಳೂ ಕನ್ನಡ ಆಡಬಾರದೆಂದೆ. ಆಕೆಗೆ ನಗು ಬರಲಿಲ್ಲ. "ಮನಿ ಸಲುವಾಗಿ ಬಾಯಾಗಿನ ಭಾಷಾನೂ ಬಿಟ್ರೇನ್ರಿ? ನಾಳಿ ನಾನೂ ನಿಮ್ಮ ಹೆಂಡ್ತಿ ಅಲ್ಲಂತೀರಿ!" ಎಂದು ಶುರುಮಾಡಿದವಳು ನನ್ನ ಇಡೀ ವಂಶವನ್ನು ಮುಗಿಸಿಯೇ ನಿಲ್ಲಿಸಿದ್ದು. ನಾನು ಓಡಿಹೋಗಿ ಕಿಟಕಿ ಮುಚ್ಚಿದೆ.

ಆಮೇಲಿನ ದಿನಗಳಲ್ಲಿ ನನ್ನ ಬಾಳು ಗೂಢಚಾರನದಾಯಿತು. ಮೆಟ್ಟಿಲಿಳಿದು ಹೋಗುವಾಗಲೆಲ್ಲ ಶಾಂತಾಬಾಯಿ ನನ್ನೆದುರಿಗೇ ಗಂಡನಿಗೆ ನನ್ನ ವಿಚಾರ ಹೇಳುತ್ತಿದ್ದರು. "ಈ ಮನಷ್ಯಾ ಮುಂಜಾನಿ ಬಾಯಿ ಮುಕ್ಕಳಿಸೂದು ಕೇಳಿದ್ರ ನಮ್ಮ ಎಮ್ಮಿಗಿ ಏನೋ ಆತಂತ ಹೆದರಿಕಿ ಬರ್ತದ್ರಿ" ಎಂದರು ಒಂದು ದಿನ. ಮರುದಿನದಿಂದ ನಾನು ಕಳ್ಳನಂತೆ ಬಾಯಿ ಮುಕ್ಕಳಿಸತೊಡಗಿದೆ. ಚಪ್ಪಲಿ ಹಾದಿಗೆ ಅಡ್ಡ ಬಿಡುತ್ತಾನೆ ಎಂದರು. ಚಪ್ಪಲಿ ಗೋಡೆಯ ಬದಿಗೆ ಹೋಯಿತು. "ಪಾಪ, ಆ ಹೆಣ್ಮಗಳು ಒಬ್ಬಕಿನೇ ನೀರಿನ ಕೊಡ ಮ್ಯಾಲ ಒಯ್ತಾಳ, ಇವಗ ಕೈ ಇಲ್ಲೇನು?" ಎಂದರು, ಕೊಡ ನನ್ನ ಹೆಗಲಿಗೆ ಬಂತು. ದನದ ದವಾಖಾನೆಯವನು ಮನೆಯಲ್ಲಿದ್ದೂ ನಮ್ಮ ಎಮ್ಮೆಯ ಗೊರಸು ಯಾರೂ ನೋಡುವುದಿಲ್ಲ ಎಂದರು. ಭಾನುವಾರವೂ ನನಗೆ ರಜೆ ಇಲ್ಲದಾಯಿತು. ಪ್ರತಿಸಲವೂ ಮನಸ್ಸಿನಲ್ಲೇ ನಗುತ್ತಿದ್ದೆ. ಪಾಪ, ಇವರ ಅಂತರಂಗವೆಲ್ಲ ನನಗೆ ತಿಳಿಯುತ್ತದೆಂದು ಇವರಿಗೆ ಗೊತ್ತೇ ಇಲ್ಲವಲ್ಲ! ಒಂದೇ ಒಂದು ವಿಷಯ ನನಗೆ ಅರ್ಥವಾಗುತ್ತಿರಲಿಲ್ಲ. ತೆಲುಗು ಅಷ್ಟಕ್ಕಷ್ಟೇ ಬರುವ ಸುಮಿತ್ರಾ ಮಧ್ಯಾಹ್ನ ಕೆಳಗೆ ಹೋಗಿ ತಾಸುಗಟ್ಟಲೆ ಹೇಗೆ ಕೂರುತ್ತಾಳೆ? ಕೇಳಿದರೆ, "ಕೈಸನ್ನಿ ಮಾಡ್ತೀವಿ" ಎಂದಳು.

ಒಂದು ಭಾನುವಾರ ಎಮ್ಮೆಯ ಹಿಂಗಾಲಿಗೆ ಔಷಧ ಹಚ್ಚುತ್ತಿದ್ದೆ. ಅದಕ್ಕೆ ಏನನಿಸಿತೋ, ಸರಿಯಾಗಿ ನನ್ನ ತೊಡೆಗೆ ಝಾಡಿಸಿತು. ಸಗಣಿಯ ಮೇಲೆ ಬಿದ್ದವನ ಬಾಯಿಂದ ತೆಲುಗು ಬರಲಿಲ್ಲ. "ಯವ್ವಾ! ಸತ್ನೆಪ್ಪೋ! ಇದರ ಕಾಲು ಮುರೀಲಿ!" ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ. ಒದರಿದ ಮೇಲೆ ನನಗೆ ಕನ್ನಡ ಬಾರದೆಂಬುದು ನೆನಪಾಯಿತು. ಮನೆ ಹೋಯಿತು, ಹೆಂಡತಿ ತವರಿಗೆ ಹೋದಳು, ನಾನು ಮತ್ತೆ ಬಸ್ಸಿಗೆ ಬಂದೆ ಎಂದುಕೊಂಡೆ.

ಶಾಂತಾಬಾಯಿ ಗಾಬರಿಯಾಗಲಿಲ್ಲ. "ಸಾಯಂಗಿಲ್ರಿ, ಏಳ್ರಿ. ಬಿಸಿನೀರು ಇಡ್ತೀನಿ" ಎಂದರು, ಸರಾಗವಾಗಿ ಕನ್ನಡದಲ್ಲಿ.

"ನಿಮಗ... ಗೊತ್ತಿತ್ತೇನ್ರಿ?" ಎಂದೆ, ಸಗಣಿಯಲ್ಲಿ ಕೂತುಕೊಂಡೇ.

"ನೀವು ಬಂದ ದಿನಾನೇ ನಿಮ್ಮ ಮನಿಯವರು ಬೈದದ್ದು ಕೇಳಿತ್ತಲ್ರಿ. ಅಷ್ಟು ಚಂದ ತೆಲುಗಿನ್ಯಾಗ ಬೈಲಾಕ ಬರಂಗಿಲ್ಲ."

ಮಾಣಿಕಪ್ಪನವರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ನೌಕರಿ ಇರೂತನಕ ಬಸ್ಸಿನ್ಯಾಗ ನಿದ್ದಿ ಬಂದಂಗ ಮಾಡೋರನ್ನ ನೋಡೀನ್ರಿ. ಟಿಕೀಟ್ ಕೇಳಿದ್ರ ಏಳಂಗಿಲ್ಲ, ಊರು ಬಂತಂದ್ರ ತಾವೇ ಏಳ್ತಾರ. ನೀವೂ ಹಂಗೇ. ಚಪ್ಪಲಿ ಅಂದೆವು, ಎದ್ರಿ. ಕೊಡ ಅಂದೆವು, ಎದ್ರಿ. ಮುಖದ ಮ್ಯಾಲ ಹೇಳಿದ್ರ ನಿಮಗ ಬ್ಯಾಸರ, ಹೇಳಿಲ್ಲಂದ್ರ ನಮಗ ತ್ರಾಸ. ಇದೇ ಚಲೋ ಆತು."

"ಆ ಕೊಡದ ಮಾತು ನಮ್ಮದಲ್ಲ ಮತ್ತ" ಎಂದರು ಶಾಂತಾಬಾಯಿ, ಮೇಲಿನ ಕಿಟಕಿ ನೋಡುತ್ತ. "ಅದು ನಿಮ್ಮ ಮನಿಯವರೇ ಹೇಳಿ ಹೇಳ್ಸಿದ್ದು."

ಕಿಟಕಿಯಲ್ಲಿ ಸುಮಿತ್ರಾ ನಿಂತಿದ್ದಳು. ನಾನು ನೋಡಿದೊಡನೆ ಒಳಗೆ ಸರಿದಳು. ನಗುವುದು ಮಾತ್ರ ಕೆಳಗಿನವರೆಗೂ ಕೇಳಿಸಿತು.

ಮನೆ ಬಿಡಿ ಎಂದು ಯಾರೂ ಹೇಳಲಿಲ್ಲ. ಎರಡು ವಾರ ಕುಂಟುತ್ತ ಓಡಾಡಿದೆ, ಆಮೇಲೆ ಸರಿಹೋಯಿತು. ಈಗ ನಾವೆಲ್ಲ ಅಂಗಳದಲ್ಲಿ ಕೂತು ಕನ್ನಡದಲ್ಲೇ ಹರಟುತ್ತೇವೆ. ಆದರೆ ನನ್ನ ವಿಚಾರ ಬಂದಾಗ ಗಂಡ ಹೆಂಡತಿ ತಟ್ಟನೆ ಮರಾಠಿಗೆ ತಿರುಗುತ್ತಾರೆ. ನನಗೆ ಮರಾಠಿ ಬರುವುದಿಲ್ಲ, ಇದು ನಿಜವಾಗಿಯೂ ನಿಜ. ಸುಮಿತ್ರಾ ಮಾತ್ರ ಉದಗೀರಿನ ಸೋದರಮಾವನ ಮನೆಯಲ್ಲಿದ್ದು ಮರಾಠಿ ಶಾಲೆಯಲ್ಲಿ ಓದಿದವಳು. ಅವರು ಮಾತಾಡುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಾಳೆ. ಏನಂದರು ಎಂದು ಕೇಳಿದರೆ ತಲೆಯನ್ನು ಅಡ್ಡಡ್ಡ ಆಡಿಸುತ್ತಾಳೆ.