ನಾಗಬನಕ್ಕೆ ಸೆಂಟಿಗೆ ಎಷ್ಟು?

ಲೀಲಾಧರ: ರಿಪೋರ್ಟಿನ ಅಡಿಯಲ್ಲಿ ಸಹಿ ಯಾರದ್ದು? ನಿನ್ನದೇ ಅಲ್ವಾ?

ನಳಿನಾಕ್ಷಿ: ನೀರುದೋಸೆ ಎರೆಯುತ್ತಿದ್ದವಳ ಕೈಗೆ ಪೆನ್ನು ತುರುಕಿದ್ದು ಯಾರು?

ಪರ್ಕಳದ ಮನೆಯ ಚಾವಡಿಯೇ ಇವರ ಕಂಪೆನಿ. ಜಾಗಕ್ಕೆ ಬೆಲೆ ಕಟ್ಟಿಕೊಡುವುದು ಕಸುಬು; ಗಂಡ ಹೆಂಡತಿ ಇಬ್ಬರೇ ಡೈರೆಕ್ಟರುಗಳು. ಕಾಪುವಿನ ಒಂದು ಜಾಗಕ್ಕೆ ಇವರು ಕಟ್ಟಿದ ಬೆಲೆಯನ್ನು ನಂಬಿ ಸಾಲ ಕೊಟ್ಟ ಫೈನಾನ್ಸಿನವರು ಈಗ ಸಾಲ ಮರಳಿ ಬಾರದೆ ಅದನ್ನು ಮಾರಲು ಹೊರಟರೆ ಕೊಳ್ಳುವವರೇ ಇಲ್ಲ. ನಟ್ಟನಡುವೆ ನಾಗಬನ, ಕಡಿಯುವಂತಿಲ್ಲ, ಕಟ್ಟುವಂತಿಲ್ಲ; ರಿಪೋರ್ಟಿನಲ್ಲಿ ಅದರ ಸುದ್ದಿಯೇ ಇಲ್ಲ. ನಷ್ಟವನ್ನು ಡೈರೆಕ್ಟರೇ ಕೈಯಿಂದ ತುಂಬಿಕೊಡಬೇಕೆಂದು ನೋಟಿಸು ಬಂದಿತ್ತು. ಧೈರ್ಯಕ್ಕೆಂದು ಕರೆಸಿದ ವಕೀಲ ಜೇಮ್ಸ್ ಎದುರಿಗೆ ಕುಳಿತಿದ್ದರು.

ಜೇಮ್ಸ್: ಬನ ನೀವು ನೋಡಲಿಲ್ವಾ?

ಲೀಲಾಧರ: ನೋಡದೆ ಎಂತ? ಚಪ್ಪಲಿ ಬಿಟ್ಟು ಕೈ ಮುಗಿದೇ ಬಂದದ್ದು.

ಜೇಮ್ಸ್: ಮತ್ತೆ ಬರೆಯಲಿಲ್ಲ ಯಾಕೆ?

ಲೀಲಾಧರ: ನಾಗನಿಗೆ ಸೆಂಟಿಗೆ ಇಷ್ಟು ಅಂತ ರೇಟು ಹಾಕುವುದಾ ಮಾರಾಯ್ರೆ? ಭಕ್ತಿಯಿಂದ ಬಿಟ್ಟದ್ದು.

ನಳಿನಾಕ್ಷಿ: ಬನ ಉಂಟು ಅಂತ ಬರೆದಿದ್ದರೆ ಸಾಕಿತ್ತು. ರೇಟು ಯಾರು ಕೇಳಿದ್ದು?

ಲೀಲಾಧರ: ಏನಿದ್ದರೂ ಕಂಪೆನಿ ಕೊಡಲಿ. ಕಂಪೆನಿ ಬೇರೆ, ನಾವು ಬೇರೆ.

ನಳಿನಾಕ್ಷಿ: ಹಾಗಾದರೆ ಆ ಕಂಪೆನಿಯನ್ನು ಕರೆದುಕೊಂಡು ಬನ್ನಿ, ಕೂರಿಸಿ ಮಾತಾಡುವ.

ಜೇಮ್ಸ್: ಅದು ನಡೆಯುವುದಿಲ್ಲ. ಅಜಾಗ್ರತೆ ಯಾರದ್ದೋ, ಅವರ ಸ್ವಂತ ಆಸ್ತಿಗೇ ಕೈ ಹಾಕುತ್ತಾರೆ. ಈ ಮನೆ ಯಾರ ಹೆಸರಿನಲ್ಲಿ?

ನಳಿನಾಕ್ಷಿ: ನನ್ನದು. ಅಪ್ಪ ಕೊಟ್ಟದ್ದು.

ಲೀಲಾಧರನಿಗೆ ಈಗ ಹೊಳೆಯಿತು. ಸಹಿ ಇವಳದ್ದು, ತಪ್ಪು ಇವಳದ್ದು ಎಂದು ಬೆಳಗಿನಿಂದ ವಾದಿಸಿದವನು ತನ್ನ ತಲೆಯ ಮೇಲಿನ ಮಾಡನ್ನೇ ತಾನು ಕೀಳುತ್ತಿದ್ದ.

ಲೀಲಾಧರ: ಪಾಪ, ಅವಳದ್ದೆಂತ ತಪ್ಪು? ಜಾಗ ನೋಡಿದ್ದು ನಾನು, ಬರೆದದ್ದು ನಾನು, ಬರೆಯದೆ ಬಿಟ್ಟದ್ದೂ ನಾನೇ. ಅವಳ ಸುದ್ದಿಗೆ ಹೋಗಬೇಡಿ.

ಜೇಮ್ಸ್: ನಿಮ್ಮ ಹೆಸರಿನಲ್ಲಿ ಎಂತ ಉಂಟು?

ಲೀಲಾಧರ: ಎಂತದೂ ಇಲ್ಲ.

ನಳಿನಾಕ್ಷಿ: ಸ್ಕೂಟರೂ ನನ್ನದೇ.

ಮಾವನ ಮನೆಯವರ ಮುಂದೆ ಇದೇ ಮಾತಿಗೆ ಇಷ್ಟು ವರ್ಷ ತಲೆ ತಗ್ಗಿಸಿದವನು ಇಂದು ಎದೆಯುಬ್ಬಿಸಿ ಕುಳಿತ.

ಜೇಮ್ಸ್: ಹಾಗಾದರೆ ಇವರದ್ದೇ ಒಂದು ರಿಪೋರ್ಟು ಆಗಬೇಕು. ಇವರಿಂದ ಎಂತದೂ ಹುಟ್ಟುವುದಿಲ್ಲ, ಬೆಲೆ ಸೊನ್ನೆ ಅಂತ. ಆದರೆ ಮೇಡಂ, ಈ ಸಲ ಸ್ವತಃ ನೋಡಿದವರೇ ಸಹಿ ಹಾಕಬೇಕು.

ನಳಿನಾಕ್ಷಿ: ಕೊಡಿ ಪೆನ್ನು. ಈ ಜಾಗವನ್ನು ಮದುವೆಯಾದಂದಿನಿಂದ ನಾನೇ ನೋಡಿಕೊಂಡು ಬಂದದ್ದು.